ಬೀದಿಯಲ್ಲಿ ನಿಲ್ಲದ ಗುಮಾಸ್ತರು

ನಮ್ಮ ಹಡಗು ಕಂಪನಿಯ ಹಿರಿಯ ಗುಮಾಸ್ತರು ಬೀದಿಯಲ್ಲಿ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಪರಿಚಿತರು ಎದುರಾದರೆ ತಲೆಯಾಡಿಸಿ, ಮಾತನಾಡಿಸಿದರೆ ನಡೆಯುತ್ತಲೇ ಉತ್ತರ ಕೊಟ್ಟು, ಮಳೆ ಬಂದರೆ ನೆನೆದು, ಕಂದು ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಬಿಗಿದುಕೊಂಡು ಬೀದಿಯ ನಟ್ಟನಡುವೆ ಸರಸರನೆ ಸಾಗುವ ಆ ಆಕೃತಿಯನ್ನು ಕಂಡು ಹೊಸಬರು ಇವರೊಬ್ಬ ಅಹಂಕಾರಿ ಎಂದುಕೊಳ್ಳುತ್ತಿದ್ದರು. ನಾನೂ ಅಂದುಕೊಂಡಿದ್ದೆ. ಅವರ ಎದುರು ಮೇಜಿನಲ್ಲಿ ಟೈಪು ಮಾಡಲು ಕೂತು ತಿಂಗಳಾಗುವಷ್ಟರಲ್ಲಿ ನನ್ನ ಬುದ್ಧಿಗೆ ನಾನೇ ಛೀಮಾರಿ ಹಾಕಿಕೊಂಡೆ.

ಅದು ಯುದ್ಧಕಾಲ. ನಮ್ಮ ಉಗಿಹಡಗುಗಳು ಹೊರುತ್ತಿದ್ದುದು ಗೋಧಿ, ಕಲ್ಲಿದ್ದಲು. ಅವುಗಳಲ್ಲಿದ್ದವರು ಕೋವಿ ಮುಟ್ಟಿ ಗೊತ್ತಿಲ್ಲದ ಖಲಾಸಿಗಳು, ಬಾಯ್ಲರಿನ ಬೆಂಕಿ ನೋಡಿಕೊಳ್ಳುವವರು, ಅಡುಗೆಯವರು. ಆದರೆ ಶತ್ರುವಿನ ಜಲಾಂತರ್ಗಾಮಿಗೆ ಗೋಧಿಯ ಹಡಗೂ ಒಂದೇ, ಮದ್ದುಗುಂಡಿನ ಹಡಗೂ ಒಂದೇ. ಬದುಕಿದವರ ಸುದ್ದಿಗೆ ಅಂಚೆ, ಸತ್ತವರ ಸುದ್ದಿಗೆ ಗುಮಾಸ್ತರು: ಇದು ಕಂಪನಿಯ ಪದ್ಧತಿ. ಹೀಗಾಗಿ ಬಂದರಿನ ಹಿಂದಿನ ಬೀದಿಗೆ ಅವರು ಕಾಲಿಟ್ಟರೆ ಸಾಕು, ಕಿಟಕಿಗಳ ಹಿಂದೆ ಹೆಂಗಸರು ಉಸಿರು ಬಿಗಿಹಿಡಿಯುತ್ತಿದ್ದರು. ದಾಟಿ ಹೋದರೆ ಗಂಡ ಬದುಕಿದ್ದಾನೆ, ನಿಂತರೆ ಇಲ್ಲ. ಒಮ್ಮೆ ಬೂಟಿನ ಲಾಡಿ ಕಟ್ಟಲೆಂದು ಹಡಗಿನ ಅಡುಗೆಯವನೊಬ್ಬನ ಮನೆ ಮುಂದೆ ಬಗ್ಗಿದ್ದೇ ತಪ್ಪಾಯಿತು: ಒಳಗಿದ್ದ ಅವನ ಹೆಂಡತಿ ಕುಸಿದುಬಿದ್ದಳು, ಏನೂ ಆಗಿಲ್ಲವೆಂದು ಇವರು ಆಣೆ ಮಾಡಿ ಹೇಳಿದರೂ ನಂಬದೆ, ಗಂಡ ಬರುವ ತನಕ, ಅಂದರೆ ಹತ್ತೊಂಬತ್ತು ದಿನ, ಹಾಸಿಗೆ ಬಿಟ್ಟೇಳಲಿಲ್ಲ. ಬಂದವನು ನೇರ ಕಚೇರಿಗೇ ನುಗ್ಗಿ, "ಬದುಕಿದ್ದವನನ್ನ ಸಾಯಿಸಿಬಿಟ್ರಲ್ಲ ಸ್ವಾಮಿ, ಲಾಡಿಯಿಲ್ಲದ ಬೂಟು ಹಾಕ್ಕೊಳ್ಳಿ" ಎಂದು ರೇಗಿದ. ಅಂದಿನಿಂದ ಅವರು ಹಾಕಿದ್ದು ಲಾಡಿಯಿಲ್ಲದ ಬೂಟೇ.

ಅವರ ತಂಗಿಯ ಮನೆಯೂ ಅದೇ ಬೀದಿಯಲ್ಲಿತ್ತು. ಅವಳ ಗಂಡ ನಮ್ಮ ಹಡಗೊಂದರಲ್ಲಿ ಇಂಜಿನಿಯರು. ಆ ಹಡಗು ಬರುವುದು ಹನ್ನೊಂದು ದಿನ ತಡವಾದಾಗಲೂ ಅವಳು ಒಂದು ಮಾತು ಕೇಳಲಿಲ್ಲ. ಅಣ್ಣ ದಿನವೂ ಕಚೇರಿಗೆ ಬರುವಾಗ ಬಾಗಿಲು ದಾಟಿ ಹೋಗುತ್ತಿದ್ದನಲ್ಲ, ಅದೇ ಅವಳಿಗೆ ಧೈರ್ಯ. ಹನ್ನೆರಡನೆಯ ಬೆಳಿಗ್ಗೆ ತಂತಿ ಬಂತು. ಅದರಲ್ಲಿದ್ದ ಸತ್ತವರ ಹೆಸರುಗಳನ್ನು ಟೈಪು ಮಾಡಿದವನು ನಾನೇ. ಬೀದಿಯಿಂದ ಹೋಗಿದ್ದ ಒಂಬತ್ತು ಮಂದಿಯಲ್ಲಿ ಇಬ್ಬರನ್ನು ಬೇರೊಂದು ಹಡಗು ನೀರಿನಿಂದ ಎತ್ತಿಕೊಂಡಿತ್ತು. ಆ ಇಬ್ಬರಲ್ಲಿ ಇಂಜಿನಿಯರು ಇರಲಿಲ್ಲ. ಗುಮಾಸ್ತರು ಪಟ್ಟಿಯನ್ನು ಓದಿದರು, ಮತ್ತೊಮ್ಮೆ ಓದಿದರು, ಮಡಿಸಿ ಕೋಟಿನ ಒಳಜೇಬಿನಲ್ಲಿಟ್ಟರು. ಮೊದಲು ತಂಗಿಯ ಹತ್ತಿರ ಹೋಗಿ, ಮಿಕ್ಕ ಮನೆಗಳನ್ನು ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆ ಎಂದು ಮ್ಯಾನೇಜರು ಅಂಗಲಾಚಿದರು.

"ಅಲ್ಲಿಗೆ ಹೋದ್ರೆ ಅಲ್ಲೇ ಕೂತುಬಿಡ್ತೀನಿ," ಎಂದರು ಗುಮಾಸ್ತರು. "ಆಮೇಲೆ ಮಿಕ್ಕ ಆರು ಮನೆಯವರಿಗೆ ಹೇಳೋಕೆ ನನಗೆ ಬಾಯಿ ಬರೋದಿಲ್ಲ."

ತಡೆಯಲಾರದೆ ನಾನೂ ಹಿಂದೆಯೇ ಹೋದೆ. ಮನೆಗಳು ಬೀದಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಚದುರಿದ್ದವು, ಅವರು ಪಟ್ಟಿಯ ಕ್ರಮ ಬಿಡಲಿಲ್ಲ, ಹೀಗಾಗಿ ತಂಗಿಯ ಬಾಗಿಲನ್ನು ನಾಲ್ಕು ಬಾರಿ ದಾಟಬೇಕಾಯಿತು. ನಾಲ್ಕು ಬಾರಿಯೂ ಅವರ ಕಣ್ಣು ನೆಲ ಬಿಟ್ಟು ಏಳಲಿಲ್ಲ. ಆರೂ ಮನೆ ಮುಗಿಸಿ ಕೊನೆಗೆ ಅಲ್ಲಿಗೆ ಬಂದಾಗ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಅವಳು ಪಕ್ಕದ ಮನೆಯಲ್ಲಿದ್ದಳು. ಆಗತಾನೇ ಸುದ್ದಿ ಕೇಳಿದ್ದ ನೆರೆಯವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಸಮಾಧಾನ ಹೇಳುತ್ತಿದ್ದಳು. ಅಣ್ಣನನ್ನು ಕಂಡು ಮೆಲ್ಲನೆ ಎದ್ದು ಬಂದು, ನೆರೆಯವಳಿಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು:

"ನಾಲ್ಕು ಸಲ ನಮ್ಮನೆ ದಾಟಿ ಹೋದೆಯಲ್ಲ ಅಣ್ಣ, ನಮ್ಮವರು ಉಳಿದ್ರು ಅಂತ ಗೊತ್ತಾಯ್ತು. ಇವಳ ಮುಂದೆ ನಗು ತಡ್ಕೊಳ್ಳೋದೇ ಕಷ್ಟ ಆಗಿದೆ ನಂಗೆ."

ಗುಮಾಸ್ತರು ಕೋಟಿನ ಒಳಜೇಬಿಗೆ ಕೈಹಾಕಿದರು. ಅವರು ಪಟ್ಟಿಯನ್ನು ತೆಗೆದು ಅವಳ ಕೈಗಿಟ್ಟರು.

ಕರ್ತವ್ಯನಿಷ್ಠರನ್ನು ಲೋಕ ಹೊಗಳುತ್ತದೆ, ಹೊಗಳಬೇಕಾದ್ದೇ. ನಾನೂ ಅವರಿಗೆ ತಲೆಬಾಗಿದವನೇ. ಅನ್ಯರ ದುಃಖಕ್ಕೆ ಮೊದಲ ಸ್ಥಾನ ಕೊಟ್ಟು ತಮ್ಮದನ್ನು ಕಡೆಗಿಟ್ಟುಕೊಳ್ಳುವ ಈ ಜನ ತಾವು ನೋಯಿಸಿದ್ದು ತಮ್ಮನ್ನು ಮಾತ್ರ ಎಂದು ಪ್ರಾಮಾಣಿಕವಾಗಿ ನಂಬಿರುತ್ತಾರೆ. ತಮ್ಮವರನ್ನೂ ತಮ್ಮ ಜೊತೆಗೇ ಕಡೆಗಿಟ್ಟೆವೆಂಬುದು ಅವರಿಗೆ ತಿಳಿಯುವುದು, ಆ ತಮ್ಮವರು ಎದುರಿಗೆ ಬಂದು ನಗು ತಡೆದುಕೊಂಡು ನಿಂತಾಗಲೇ.