ಈಶ್ವರನಿಗೆ ಹದಿನೈದು ದಿನ ತಡೆ

ಸುಪ್ರಜಾ ಮಲ್ಲೇಶ್ವರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಅದರ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸವನ್ನೂ ಹಚ್ಚಿಕೊಂಡಿದ್ದಳು. ಕನ್ನಡದಲ್ಲಿ ಟೈಪ್ ಮಾಡಿದ ಬರಹದ ಕಾಗುಣಿತದ ತಪ್ಪುಗಳನ್ನು ಹಿಡಿದು ತೋರಿಸುವ ‘ಸರಿಪದ’ ಎಂಬ ತಂತ್ರಾಂಶವನ್ನು ಕೆಲವರು ಸೇರಿ ಬರೆಯುತ್ತಿದ್ದರು. ಅದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಿತ್ತು, ತಿದ್ದಬಹುದಿತ್ತು, ಹಂಚಬಹುದಿತ್ತು. ಇವರೆಲ್ಲ ಮಾತಾಡಿಕೊಳ್ಳುತ್ತಿದ್ದದ್ದು ಒಂದು ಮೇಲಿಂಗ್ ಲಿಸ್ಟಿನಲ್ಲಿ. ಒಬ್ಬರು ಕಳಿಸಿದ ಮೇಲ್ ನೂರ ನಲವತ್ತು ಮಂದಿಗೂ ಹೋಗುತ್ತಿತ್ತು. ಆ ಲಿಸ್ಟನ್ನು ನೋಡಿಕೊಳ್ಳುವುದು ಸುಪ್ರಜಾಳ ಪಾಲಿಗೆ ಬಂದಿತ್ತು.

ಸರಿಪದವನ್ನು ಶುರು ಮಾಡಿದವನು ಈಶ್ವರ್. ಚಿಕ್ಕಪೇಟೆಯಲ್ಲಿ ಅವರಪ್ಪನ ಬಟ್ಟೆ ಅಂಗಡಿಯಿತ್ತು. ಅವನು ಅತ್ತ ತಲೆ ಹಾಕಲಿಲ್ಲ. ಇಂಜಿನಿಯರಿಂಗ್ ಓದುವಾಗ ಮತ್ತಿಕೆರೆಯಲ್ಲಿ ಗೆಳೆಯರ ರೂಮಿನಲ್ಲಿ ಕೂತು ಸರಿಪದದ ಮೊದಲ ಆರು ಸಾವಿರ ಸಾಲು ಕೋಡನ್ನು ಒಬ್ಬನೇ ಬರೆದಿದ್ದ. ಕೆಲಸದಲ್ಲಿ ಅವನಷ್ಟು ಚುರುಕಾದವರು ಲಿಸ್ಟಿನಲ್ಲಿ ಇನ್ನೊಬ್ಬರಿರಲಿಲ್ಲ. ನಾಲಿಗೆಯೂ ಹಾಗೆಯೇ ಇತ್ತು. ಹೊಸಬರು ಏನಾದರೂ ತಪ್ಪು ಕೇಳಿದರೆ ಅವನ ಉತ್ತರದಲ್ಲಿ ಪರಿಹಾರವೂ ಇರುತ್ತಿತ್ತು, ಒಂದು ಏಟೂ ಇರುತ್ತಿತ್ತು. “ಅವನ ಮಾತೇ ಹಂಗೆ, ಮನಸ್ಸು ಒಳ್ಳೇದು” ಎಂದು ಸುಪ್ರಜಾ ನಾಲ್ಕಾರು ಜನರಿಗೆ ಸಮಾಧಾನ ಹೇಳಿದ್ದಳು.

ಎರಡು ಸಾವಿರದ ನಾಲ್ಕರ ಜೂನ್ ತಿಂಗಳಲ್ಲಿ ಲಿಸ್ಟಿಗೆ ಒಂದು ಹೊಸ ಮೇಲ್ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಎಲ್ಲವೂ ದೊಡ್ಡಕ್ಷರ. ಬರೆದವರು ಗಿರಿಜಾಂಬಾ, ಕಾಗದದ ಕೊನೆಯಲ್ಲಿ ಬರೆಯುವಂತೆ ಚಾಮರಾಜಪೇಟೆಯ ವಿಳಾಸವನ್ನೂ ಕೊಟ್ಟಿದ್ದರು. ಸರಿಪದದ ಪದಪಟ್ಟಿಯಲ್ಲಿ ಸ್ವರಾಕ್ಷರದಿಂದ ಶುರುವಾಗುವ ಪದಗಳಷ್ಟನ್ನು ಪ್ರಿಂಟ್ ತೆಗೆಸಿ ಓದಿದೆ, ಮುನ್ನೂರ ಹನ್ನೆರಡು ತಪ್ಪುಗಳಿವೆ, ಕಳಿಸಲೇ ಎಂದು ಕೇಳಿದ್ದರು. ‘ಉಚ್ಛಾರಣೆ’, ‘ಆಶಿರ್ವಾದ’, ‘ಅದ್ಯಯನ’ ಇವೆಲ್ಲ ಸರಿ ಎಂದು ನಿಮ್ಮ ಯಂತ್ರ ಹೇಳುತ್ತಿದೆ ಎಂದಿದ್ದರು.

ಅರ್ಧ ಗಂಟೆಯೊಳಗೆ ಈಶ್ವರನ ಉತ್ತರ ಬಂದಿತ್ತು: “ದೊಡ್ಡಕ್ಷರದಲ್ಲಿ ಬರೆಯೋದು ಅಂದ್ರೆ ಕಿರುಚೋದು. ಅಷ್ಟೂ ಗೊತ್ತಿಲ್ದೆ ಲಿಸ್ಟಿಗೆ ಬರಬೇಡಿ. ಪಟ್ಟಿ ತಿದ್ದೋ ಕ್ರಮ ವೆಬ್‌ಸೈಟಲ್ಲಿದೆ. ಓದಕ್ಕಾಗ್ದಿದ್ರೆ ಮನೇಲಿ ಹಪ್ಪಳ ಒತ್ಕೊಂಡಿರಿ.”

ಮಾರನೆಯ ಬೆಳಿಗ್ಗೆ ಸ್ಟಾಫ್‌ರೂಮಿನಲ್ಲಿ ಅದನ್ನು ಓದಿದ ಸುಪ್ರಜಾಗೆ ಮೊದಲು ಬಾಯಿಗೆ ಬಂದದ್ದು ಅದೇ ಹಳೆಯ ಮಾತು. ಆದರೆ ಈ ಸಲ ಅದನ್ನು ಯಾರಿಗೆ ಹೇಳುವುದು ಎಂದು ತಿಳಿಯಲಿಲ್ಲ. ಗಿರಿಜಾಂಬಾ ಮರುಮಾತಾಡಿರಲಿಲ್ಲ.

ಎರಡು ಪೀರಿಯಡ್ ಬಿಡುವಿತ್ತು. ಅವಳು ಲಿಸ್ಟಿನ ಒಂದು ವರ್ಷದ ಹಳೆಯ ಮೇಲ್‌ಗಳನ್ನು ತೆಗೆದು ಕೂತಳು. ಮೊದಲ ಸಲ ಬರೆದವರು ಇಪ್ಪತ್ತಾರು ಜನ. ಈಶ್ವರ್ ಹದಿನಾಲ್ಕು ಜನಕ್ಕೆ ಉತ್ತರ ಕೊಟ್ಟಿದ್ದ. ಅವರಲ್ಲಿ ಹನ್ನೊಂದು ಜನ ಎರಡನೆಯ ಸಲ ಬರೆದೇ ಇರಲಿಲ್ಲ. ತುಮಕೂರಿನ ಒಬ್ಬ ಮೇಷ್ಟ್ರು ಹಳ್ಳಿಯ ಪದಗಳನ್ನು ಸೇರಿಸಬಹುದೇ ಎಂದು ಕೇಳಿದ್ದರು. “ಮೊದಲು ಕನ್ನಡ ಕಲೀರಿ” ಎಂದು ಈಶ್ವರ್ ಬರೆದಿದ್ದ. ಅದರ ಕೆಳಗೆ ನಗುವ ಮುಖದ ಗುರುತು ಹಾಕಿದ್ದವರು ಯಾರೆಂದು ನೋಡಿದರೆ, ಅದು ಅವಳೇ. ಹಾಕಿದ್ದು ನೆನಪೂ ಇರಲಿಲ್ಲ.

ಶನಿವಾರ ಕಾಲೇಜು ಮುಗಿಸಿ ಚಾಮರಾಜಪೇಟೆಗೆ ಹೋದಳು. ಗಿರಿಜಾಂಬಾಗೆ ಅರವತ್ತೆರಡು ವರ್ಷ. ಅಲ್ಲಿಯದೇ ಒಂದು ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಪ್ರೂಫ್ ನೋಡಿ ನಿವೃತ್ತರಾದವರು. ಸುಪ್ರಜಾ ಯಾರೆಂದು ತಿಳಿದ ಮೇಲೂ ಒಳಗೆ ಕರೆದು ಕಾಫಿ ಕೊಟ್ಟರು.

“ಸೈಬರ್ ಸೆಂಟರಲ್ಲಿ ಸಣ್ಣಕ್ಷರ ನಂಗೆ ಕಾಣೋದಿಲ್ಲಮ್ಮ. ಅದಕ್ಕೇ ದೊಡ್ಡದರಲ್ಲಿ ಬರ್ದೆ. ಕಿರುಚಿದಂಗಾಗತ್ತೆ ಅಂತ ಗೊತ್ತಿರಲಿಲ್ಲ.”

“ನಿಮ್ದೇನೂ ತಪ್ಪಿಲ್ಲ. ಅವನು ಹಂಗೆ ಬರೀಬಾರದಿತ್ತು. ತುಂಬಾ ಬೇಜಾರಾಯ್ತಾ?”

“ಆಗ್ಲಿಲ್ಲ ಅಂದ್ರೆ ಸುಳ್ಳಾಗತ್ತೆ.” ಅವರು ಲೋಟ ಕೆಳಗಿಟ್ಟರು. “ದೊಡ್ಡ ದೊಡ್ಡ ಪಂಡಿತರ ಪ್ರೂಫ್ ನನ್ನ ಕೈಲಿ ಹಾದು ಹೋಗಿದೆ. ಅವರಲ್ಲಿ ಎಷ್ಟೋ ಜನಕ್ಕೆ ಮಹಾಪ್ರಾಣ ಬರ್ತಿರಲಿಲ್ಲ. ಪದದ ಕೆಳಗೆ ಗೆರೆ ಹಾಕಿ ಪಕ್ಕದಲ್ಲಿ ಸರಿ ಮಾಡಿ ಬರ್ದೆ. ಬರೆದೋರ ಬಗ್ಗೆ ಒಂದಕ್ಷರ ಬರೀಲಿಲ್ಲ. ಅದು ನನ್ನ ಕೆಲಸ ಅಲ್ಲ.”

ತಪ್ಪುಗಳ ಪಟ್ಟಿಯನ್ನು ಅವರು ರೂಲ್ ಹಾಳೆಯಲ್ಲಿ ತಪ್ಪಿಗೊಂದು, ಸರಿಗೊಂದು ಎಂದು ಎರಡು ಉದ್ದ ಸಾಲಾಗಿ ಬರೆದಿಟ್ಟಿದ್ದರು. “ತಗೊಂಡ್ಹೋಗು. ನೀನೇ ಸೇರಿಸ್ಬಿಡು. ನಾನಿನ್ನು ಅಲ್ಲಿಗೆ ಬರಲ್ಲ.”

ಸುಪ್ರಜಾ ಕೈ ಚಾಚಲಿಲ್ಲ. “ಇದು ನಿಮ್ಮ ಹೆಸರಲ್ಲೇ ಬರಬೇಕು. ಒಂದು ತಿಂಗಳು ಟೈಮ್ ಕೊಡಿ. ಲಿಸ್ಟು ಸರಿಹೋಗತ್ತೆ.”

“ಸರಿಹೋಗ್ದಿದ್ರೆ?”

“ನಾನೇ ಬಂದು ಹೇಳ್ತೀನಿ.”

ಮುಂದಿನ ವಾರ ಅವಳು ಒಂದು ಪುಟಕ್ಕಿಂತ ಚಿಕ್ಕದಾದ ನಿಯಮಗಳನ್ನು ಬರೆದಳು. ತಪ್ಪು ಯಾವ ಸಾಲಿನಲ್ಲಿದೆ ಎಂದು ಬರೆಯಿರಿ; ಮಾಡಿದವರ ಬುದ್ಧಿ, ವಯಸ್ಸು, ಊರು, ಆಡುನುಡಿಯ ಬಗ್ಗೆ ಬರೆಯಬೇಡಿ. ಹೊಸಬರು ಕ್ರಮ ತಪ್ಪಿದರೆ ಕ್ರಮ ಯಾವುದೆಂದು ಹೇಳಿಕೊಡಿ. ಮೀರಿದವರಿಗೆ ಒಮ್ಮೆ ಎಚ್ಚರಿಕೆ. ಮತ್ತೆ ಮೀರಿದರೆ ಹದಿನೈದು ದಿನ ಅವರ ಮೇಲ್‌ಗಳು ನೇರವಾಗಿ ಲಿಸ್ಟಿಗೆ ಹೋಗದೆ, ನೋಡಿಕೊಳ್ಳುವವರ ಕೈ ದಾಟಿ ಹೋಗುತ್ತವೆ. ಎಲ್ಲರಿಗೂ ಒಂದೇ ನಿಯಮ, ಸುಪ್ರಜಾಗೂ ಸೇರಿ.

ಲಿಸ್ಟಿಗೆ ಕಳಿಸುವ ಮುಂಚೆ ಪ್ರಿಂಟ್ ತೆಗೆದು ಈಶ್ವರನಿಗೆ ತೋರಿಸಿದಳು. ಗಾಂಧಿ ಬಜಾರಿನ ಒಂದು ಹೋಟೆಲಿನ ಮುಂದೆ ಇಬ್ಬರೂ ಕಾಫಿ ಹಿಡಿದು ನಿಂತಿದ್ದರು. ಅವನು ಓದಿ ನಕ್ಕ.

“ಏನಿದು, ನಿನ್ನ ಕಾಲೇಜಿನ ನೋಟಿಸ್ ಬೋರ್ಡಾ? ಹೊರಗಡೆ ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಇದಕ್ಕಿಂತ ಹತ್ತರಷ್ಟು ಬೈತಾರೆ. ತಡ್ಕೊಳ್ಳೋರು ಉಳೀತಾರೆ. ಕೋಡ್ ಚೆನ್ನಾಗಿರತ್ತೆ.”

“ಅಲ್ಲಿ ಸಾವಿರ ಜನ ಬಾಗಿಲಲ್ಲಿ ನಿಂತಿರ್ತಾರೆ. ನಮ್ಮಲ್ಲಿ ಕೋಡ್ ಬರೆಯೋರು ಮೂರೇ ಜನ. ಪದಪಟ್ಟಿ ಓದಿ ತಿದ್ದಕ್ಕೆ ಒಬ್ಬರೂ ಇಲ್ಲ. ಬಂದ ಒಬ್ಬರಿಗೆ ಹಪ್ಪಳ ಒತ್ತಿ ಅಂದೆ.”

“ಸಿಟ್ಟಲ್ಲಿ ಬರ್ದೆ.”

“ಹನ್ನೊಂದು ಜನಕ್ಕೆ ಬರ್ದಿದೀಯ ಈಶ್ವರ್, ಒಬ್ಬರೂ ತಿರುಗಿ ಬರೀಲಿಲ್ಲ. ಎಣಿಸಿದೀನಿ. ಒಂದು ಸಲ ನಾನೂ ನಿನ್ನ ಜೊತೆ ನಕ್ಕಿದೀನಿ. ಇನ್ನು ನಗಲ್ಲ.”

ಅವನು ಹಾಳೆಯನ್ನು ಮಡಚಿ ವಾಪಸ್ ಕೊಟ್ಟ. “ಹಾಕ್ಕೋ. ನಂಗೇನೂ ಬದಲಾಗಲ್ಲ.”

ನಿಯಮಗಳನ್ನು ಲಿಸ್ಟಿಗೆ ಹಾಕಿ, ಒಂದು ವಾರ ಎಲ್ಲರ ಅಭಿಪ್ರಾಯ ಕೇಳಿದಳು. ಕೋಡ್ ಬರೆಯುವ ಮೂವರಲ್ಲಿ ಒಬ್ಬನಾದ ಬಸವನಗುಡಿಯ ವಸಿಷ್ಠ, ಇದೆಲ್ಲ ಬೇಕಿತ್ತಾ ಎಂದು ಗೊಣಗಿದ. ಅವನಿಗೆ ಉತ್ತರ ಬಂದದ್ದು ಸುಪ್ರಜಾ ಎಂದೂ ಕೇಳದ ಹೆಸರುಗಳಿಂದ. ವರ್ಷಗಟ್ಟಲೆ ಸುಮ್ಮನೆ ಓದುತ್ತಿದ್ದವರು ಬೇಕು ಎಂದು ಬರೆದರು. ತುಮಕೂರಿನ ಮೇಷ್ಟ್ರು ಎರಡೇ ಸಾಲು ಬರೆದರು: “ನಾನು ಇನ್ನೂ ಲಿಸ್ಟಿನಲ್ಲೇ ಇದ್ದೇನೆ. ಇದು ಜಾರಿಗೆ ಬಂದರೆ ಪದಗಳನ್ನು ಕಳಿಸುತ್ತೇನೆ.” ಸುಪ್ರಜಾ ಅವರಿಗೆ ಲಿಸ್ಟಿನಲ್ಲೇ, ಎಲ್ಲರಿಗೂ ಕಾಣುವಂತೆ, ತನ್ನ ಹಳೆಯ ನಗುವಿಗೆ ಕ್ಷಮೆ ಕೇಳಿದಳು.

ನಿಯಮ ಜಾರಿಯಾದ ನಾಲ್ಕನೆಯ ದಿನವೇ ಈಶ್ವರ್ ಒಬ್ಬ ವಿದ್ಯಾರ್ಥಿಗೆ, ಮೆದುಳು ಇದ್ದರೆ ಉಪಯೋಗಿಸು ಎಂದು ಬರೆದ. ಸುಪ್ರಜಾ ಅವನೊಬ್ಬನಿಗೇ ಎಚ್ಚರಿಕೆ ಕಳಿಸಿದಳು. ಅವನು ಅದನ್ನು ಲಿಸ್ಟಿಗೇ ಹಾಕಿ, ಟೀಚರಮ್ಮ ಬೆತ್ತ ಹಿಡಿದು ಬಂದಿದ್ದಾರೆ, ಆ ದಡ್ಡನನ್ನು ಅವರೇ ಉದ್ಧಾರ ಮಾಡಲಿ ಎಂದು ಸೇರಿಸಿದ. ಅವಳು ಹತ್ತು ನಿಮಿಷ ಯೋಚಿಸಿದಳು. ಸರಿಪದದ ಒಳಗಿನ ಮುಖ್ಯ ಭಾಗ ಅವನೊಬ್ಬನಿಗೇ ಪೂರ್ತಿ ಅರ್ಥವಾಗುವಂಥದು. ಆದರೂ ಅವನ ಹೆಸರಿನ ಮುಂದೆ ತಡೆಯ ಗುರುತು ಹಾಕಿ, ಹಾಕಿದ್ದೇನೆಂದು ಲಿಸ್ಟಿಗೆ ತಿಳಿಸಿದಳು.

ಫೋನ್ ತಕ್ಷಣ ಬಂತು.

“ನಾನು ಶುರು ಮಾಡಿದ ಲಿಸ್ಟಲ್ಲಿ ನನ್ನನ್ನೇ ತಡೀತೀಯಾ?”

“ಶುರು ಮಾಡಿದ್ದು ನೀನೇ. ಇದನ್ನ ಯಾರು ಬೇಕಾದ್ರೂ ತಗೋಬಹುದು ಅಂತ ಲೈಸೆನ್ಸ್ ಹಾಕಿದ್ದೂ ನೀನೇ. ಅವತ್ತಿಂದ ಇದು ಬಂದೋರೆಲ್ಲರದ್ದು. ಹದಿನೈದು ದಿನ ಈಶ್ವರ್, ಅಷ್ಟೆ. ನೀನು ಕೆಲಸದ ಮಾತು ಬರೆದ್ರೆ ಆಗಿಂದಾಗ್ಲೇ ಬಿಡ್ತೀನಿ.”

“ಬೇಡ. ನನ್ನ ಕೋಡ್ ತಗೊಂಡು ನಾನು ಬೇರೆ ಮಾಡ್ಕೋತೀನಿ.”

“ಮಾಡ್ಕೋ. ಅದಕ್ಕೆ ನನ್ನ ಒಪ್ಪಿಗೆ ಬೇಕಾಗಿಲ್ಲ.”

ಅವನು ಹೇಳಿದಂತೆ ಮಾಡಿದ. ಹೊಸ ಹೆಸರು, ಹೊಸ ಲಿಸ್ಟು. ಮೂವತ್ತು ಜನ ಅವನ ಹಿಂದೆ ಹೋದರು. ಹದಿನಾರನೆಯ ದಿನ ಸುಪ್ರಜಾ ಅವನ ಹೆಸರಿನ ತಡೆ ತೆಗೆದಳು. ಅವನು ಬರೆಯಲಿಲ್ಲ.

ವಸಿಷ್ಠ ಹೋಗಲಿಲ್ಲ. “ನಿಯಮ ನಂಗೆ ಈಗ್ಲೂ ಇಷ್ಟ ಇಲ್ಲ” ಎಂದ. “ಆದ್ರೆ ನೀನು ಹೇಳ್ದಂಗೇ ಮಾಡ್ದೆ. ಅದು ಸರಿ.” ಇಬ್ಬರೂ ಭಾನುವಾರಗಳಲ್ಲಿ ಅವನ ಮನೆಯ ಹಜಾರದಲ್ಲಿ ಕೂತು ಈಶ್ವರ್ ಬರೆದ ಸಾಲುಗಳನ್ನು ಒಂದೊಂದಾಗಿ ಬಿಡಿಸಿದರು. ಮೊದಲ ತಿಂಗಳು ತಲೆಬುಡ ತಿಳಿಯಲಿಲ್ಲ. ವಿಭಕ್ತಿ ಪ್ರತ್ಯಯಗಳನ್ನು ಅವನು ಬಿಡಿಸುತ್ತಿದ್ದ ಜಾಣತನಕ್ಕೆ ಸುಪ್ರಜಾ ಒಂದೆರಡು ಸಲ ತಲೆದೂಗಿದಳು. ಅರ್ಥವಾದದ್ದನ್ನೆಲ್ಲ ಕನ್ನಡದಲ್ಲಿ ವಿವರಿಸಿ ಲಿಸ್ಟಿಗೆ ಹಾಕಿದರು. ಅದನ್ನು ಓದಿ ಇನ್ನಿಬ್ಬರು ಕೋಡ್ ಬರೆಯಲು ಮುಂದೆ ಬಂದರು.

ಗಿರಿಜಾಂಬಾ ಆಗಸ್ಟಿನಲ್ಲಿ ಬರೆದರು. ಸೈಬರ್ ಸೆಂಟರಿನವರಿಂದ ಅಕ್ಷರ ದೊಡ್ಡದು ಮಾಡಿಸಿಕೊಳ್ಳುವುದನ್ನು ಕಲಿತಿದ್ದರು. ಮುನ್ನೂರ ಹನ್ನೆರಡು ತಿದ್ದುಪಡಿಗಳು ಅವರ ಹೆಸರಿನಲ್ಲೇ ಸೇರಿದವು. ಆಮೇಲೆ ಅವರು ಕಕಾರದ ಪದಗಳನ್ನು ಹಿಡಿದರು. ಮೇಷ್ಟ್ರ ಹಳ್ಳಿಯ ಪದಗಳಲ್ಲಿ ನಲವತ್ತನ್ನು ಅವರು ಒಪ್ಪಲಿಲ್ಲ, ಮೇಷ್ಟ್ರೂ ಬಿಡಲಿಲ್ಲ. ಎರಡು ವಾರ ನಡೆದ ಆ ಜಗಳದಲ್ಲಿ ಯಾರೂ ಯಾರ ಬುದ್ಧಿಯ ಬಗ್ಗೆಯೂ ಮಾತಾಡಲಿಲ್ಲ. ಕೊನೆಗೆ ಆ ನಲವತ್ತರಲ್ಲಿ ಮೂವತ್ತೆರಡು ಪದ ಪಟ್ಟಿಯಲ್ಲಿ ಉಳಿದವು.

ರಾಜ್ಯೋತ್ಸವಕ್ಕೆ ಬರಬೇಕಿದ್ದ ಹೊಸ ಆವೃತ್ತಿ ಸಂಕ್ರಾಂತಿಗೆ ಬಂತು. ತಡವಾದದ್ದಕ್ಕೆ ಸುಪ್ರಜಾಗೆ ನಾಚಿಕೆಯಾಗಲಿಲ್ಲ.

ಮಾರ್ಚಿನ ಒಂದು ಮಧ್ಯಾಹ್ನ ಈಶ್ವರ್ ಕಾಲೇಜಿಗೇ ಬಂದ. ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ನಿಂತಿದ್ದ. ಕುಶಲದ ಮಾತಾಡಿ ಮುಗಿದ ಮೇಲೂ ಹೊರಡಲಿಲ್ಲ.

“ನನ್ನ ಲಿಸ್ಟಲ್ಲಿ ಒಬ್ಬ ಇದಾನೆ” ಎಂದ. “ಬರ್ದೋರಿಗೆಲ್ಲ ಬೈತಾನೆ. ನಾಲ್ಕು ಜನ ಬಿಟ್ಟು ಹೋದ್ರು. ಹೇಳಿದ್ರೆ, ನಿನ್ನ ನೋಡೇ ಕಲ್ತಿದ್ದು ಅಂತಾನೆ.”

ಅವನು ತಾನೇ ಮುಂದುವರಿಸಿದ.

“ಆ ನಿಯಮದ ಫೈಲು... ನಮ್ಮಲ್ಲಿ ಹಾಕ್ಕೋಬಹುದಾ?”

“ಅದೂ ಸರಿಪದದ ಜೊತೆಗೇ ಇದೆಯಲ್ಲ. ಅದಕ್ಕೂ ಅದೇ ಲೈಸೆನ್ಸು. ತಗೋ.”

“ಹದಿನೈದು ದಿನಾನ ಒಂದು ತಿಂಗಳು ಮಾಡ್ತೀನಿ. ಇವನಿಗೆ ಹದಿನೈದು ಸಾಲಲ್ಲ.”

“ಮಾಡು. ಏನು ಬದಲಾಯಿಸ್ದೆ ಅಂತ ಕೆಳಗೆ ಬರಿ.”

ಅವನು ಜೇಬಿನಿಂದ ಬೈಕಿನ ಕೀಲಿ ತೆಗೆದ. “ಚಾಮರಾಜಪೇಟೆ ಅವರ ಪದಪಟ್ಟಿ ನಮ್ಮಲ್ಲೂ ಸೇರಿಸ್ಕೊಂಡಿದೀನಿ. ಅವರ ಹೆಸರು ಹಾಕಿದೀನಿ. ಹೋಗಿ ಮಾತಾಡ್ಬೇಕು ಅಂತ ಇದೆ. ಒಳಗೆ ಬಿಟ್ಕೋತಾರಾ?”

“ಬಿಟ್ಕೋತಾರೆ. ನಾಲ್ಕು ಗಂಟೆ ಮೇಲೆ ಹೋಗು, ಅದಕ್ಕೆ ಮುಂಚೆ ಮಲಗಿರ್ತಾರೆ.”

ಅವನು ಗಡಿಯಾರ ನೋಡಿ ಬೈಕ್ ಹತ್ತಿದ. ಸುಪ್ರಜಾ ಕೊನೆಯ ಪೀರಿಯಡ್ಡಿಗೆ ಒಳಗೆ ಹೋದಳು.