ರೋಮಿನ ದಂಡಿನ ಕಣ್ಣುರಿ

ಎರಡು ಸಾವಿರದ ಆರನೆಯ ಇಸವಿಯಲ್ಲಿ ಬ್ಯಾಡಗಿಯ ರುದ್ರಮುನಿಗೆ ಅರ್ಥವಾಗದ ಸಂಗತಿಗಳು ಎರಡಿದ್ದವು. ಇಂಗ್ಲೆಂಡಿನ ಉತ್ತರದ ತುದಿಯಲ್ಲಿ ತಲೆ ನರೆತ ಗಂಡಸರು ರಜೆಯ ದಿನ ರೋಮಿನ ಸಿಪಾಯಿಗಳ ವೇಷ ತೊಟ್ಟು ಬಿದ್ದ ಕೋಟೆಯನ್ನು ಕಾಯುವುದು ಯಾಕೆ ಎಂಬುದು ಒಂದು. ತನ್ನ ಹೆಂಡತಿ ಸುಧಾರಾಣಿ ಮದುವೆಯಾಗಿ ಬಂದ ಮರುದಿನದಿಂದ ಅಳುತ್ತಿರುವುದು ಯಾಕೆ ಎಂಬುದು ಇನ್ನೊಂದು. ಮೊದಲನೆಯದು ತಿಳಿಯದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಎರಡನೆಯದು ಮಾತ್ರ ಅವನು ಉಣ್ಣಲು ಕೂತಾಗಲೆಲ್ಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ರುದ್ರಮುನಿಯದು ತಗಡು ಬಡಿಯುವ ಕಸುಬು. ವೀರಭದ್ರನ ಒಡಪು ಹೇಳಿ ಕುಣಿಯುವ ಪುರವಂತರಿಗೆ ಹಿತ್ತಾಳೆಯ ಎದೆಹಲಗೆ, ಹಳ್ಳಿ ನಾಟಕದ ರಾಜರಿಗೆ ಕಿರೀಟ, ಗದೆ ಇವನ್ನೆಲ್ಲ ಅವನು ಮಾಡಿಕೊಡುತ್ತಿದ್ದ. ಹಿಂದಿನ ವರ್ಷ ಹಾವೇರಿಯ ಹಳೇ ಗುಡಿ ನೋಡಲು ಬಂದಿದ್ದ ಡೆರಿಕ್ ಎಂಬ ಇಂಗ್ಲಿಷ್ ಮಾಸ್ತರ, ಅಲ್ಲೊಬ್ಬ ಪುರವಂತನ ಎದೆಹಲಗೆಯನ್ನು ಮುಟ್ಟಿ ಮುಟ್ಟಿ ನೋಡಿ, ಮಾಡಿದವನ ಮನೆ ಹುಡುಕಿಕೊಂಡು ಬ್ಯಾಡಗಿಗೇ ಬಂದುಬಿಟ್ಟ. ಕೆನ್ನೆ ಮುಚ್ಚುವ, ಕತ್ತಿನ ಹಿಂದೆ ಮೊರದಂತೆ ಚಾಚಿದ ಲೋಹದ ಟೊಪ್ಪಿಗೆಯ ಚಿತ್ರ ಬರೆದು, ನಮ್ಮೂರ ರೋಮಿನ ದಂಡಿಗೆ ಇಂಥವು ಇಪ್ಪತ್ತು ಬೇಕು, ಒಳಗೆ ದಪ್ಪ ಬಟ್ಟೆಯ ಮೆತ್ತೆ ಹೊಲಿಸು ಎಂದ. ಮುಂದಿನ ಮಾತುಕತೆಯೆಲ್ಲ ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಸಲಾವುದ್ದೀನನ ಮೂಲಕ ಇಮೇಲಿನಲ್ಲಿ ನಡೆಯಿತು.

ನಾಟಕದ ಸಾಮಾನೆಂದರೆ ದೂರದಿಂದ ಕಂಡರೆ ಸಾಕು ಎಂಬುದು ರುದ್ರಮುನಿಯ ತಂದೆ ಕಲಿಸಿದ ಪಾಠ. ಈ ಮಾಸ್ತರನಿಗೋ ತೂಕವೂ ಖರೇ ಆಗಬೇಕು, ದಪ್ಪವೂ ಖರೇ ಆಗಬೇಕು.

"ಅವರ ನಾಟಕದಾಗ ಗೆಲ್ಲಾವ ಯಾರು, ಕೇಳು," ಎಂದು ರುದ್ರಮುನಿ ಸಲಾವುದ್ದೀನನಿಗೆ ಹೇಳಿದ್ದ.

ನಾಲ್ಕು ದಿನದ ಮೇಲೆ ಉತ್ತರ ಬಂತು. "ಯಾರೂ ಗೆಲ್ಲಂಗಿಲ್ಲಂತ," ಎಂದ ಸಲಾವುದ್ದೀನ. "ಸಾಲಾಗಿ ನಿಲ್ತಾರ, ನಡೀತಾರ, ಒಲಿ ಹೂಡಿ ಗಂಜಿ ಕಾಸ್ತಾರ. ನೋಡಾಕ ಬಂದ ಮಂದಿಗೆ ಹಿಂದಿನ ಕಾಲದಾಗ ಹಿಂಗಿತ್ತು ಅಂತ ಹೇಳ್ತಾರ."

"ಮತ್ತ ಕ್ವಾಟಿ?"

"ಮೊಣಕಾಲಮಟ ಗ್ವಾಡಿ ಉಳದೈತಿ. ಆ ಕಡೆ ಕುರಿ ಮೇಯ್ತಾವಂತ."

"ಕುರಿ ಕಾಯಾಕ ಇಪ್ಪತ್ತು ಮಂದಿ, ತಲಿ ಮ್ಯಾಲ ಎರಡೆರಡು ಕಿಲೋ ಹಿತ್ತಾಳಿ! ನಮ್ಮ ಕಡೆ ಒಬ್ಬಾವ ಒಂದು ಬಡಿಗಿ ಹಿಡಕೊಂಡು ಕಾಯ್ತಾನಪ್ಪ," ಎಂದು ರುದ್ರಮುನಿ ತಲೆ ಕೆರೆದುಕೊಂಡ. ಆದರೆ ಕೆಲಸದಲ್ಲಿ ಮೋಸ ಮಾಡುವವನಲ್ಲ. ಒಂದೊಂದು ಟೊಪ್ಪಿಗೆಯನ್ನೂ ಕನ್ನಡಿಯ ಹಾಗೆ ತಿಕ್ಕಿದ. ಒಳಗಿನ ಮೆತ್ತೆಯನ್ನು ಅವನ ತಾಯಿ ಫಕ್ಕೀರವ್ವ ಹೊಲಿದಳು. ಆಕೆ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವವಳು. ಬರುವಾಗ ಖಾಲಿ ಗೋಣಿಚೀಲ ತರುತ್ತಿದ್ದಳು. ಅವನ್ನು ಅಂಗಳದಲ್ಲಿ ಝಾಡಿಸಿ, ನಾಲ್ಕು ಮಡಿಕೆ ಮಾಡಿ, ಕೌದಿಯ ಹೊಲಿಗೆ ಹಾಕಿ ಎಂಥ ಮೆತ್ತೆ ಮಾಡಿದಳೆಂದರೆ, ಪೆಟ್ಟು ಬಿದ್ದರೂ ತಲೆಗೆ ತಿಳಿಯಬಾರದು. ಮೇ ತಿಂಗಳಲ್ಲಿ ಇಪ್ಪತ್ತು ಟೊಪ್ಪಿಗೆ ಪಾರ್ಸೆಲ್ ಹೋದವು. ಮಾದರಿಗೆಂದು ಮಾಡಿದ ಇಪ್ಪತ್ತೊಂದನೆಯದು ಮನೆಯ ಗೂಟಕ್ಕೆ ತೂಗಿತು.

ಇನ್ನು ಸುಧಾರಾಣಿಯ ವಿಚಾರ. ಅವಳದು ನಂಜನಗೂಡು. ಅವಳ ಸೋದರಮಾವ ರೈಲ್ವೆಯಲ್ಲಿದ್ದು ಬ್ಯಾಡಗಿಗೆ ವರ್ಗವಾಗಿ ಬಂದಾಗ ಕುದುರಿಸಿದ ಸಂಬಂಧ. ಜನವರಿಯಲ್ಲಿ, ಊರಿಗೆ ಊರೇ ಕೆಂಪಗೆ ಹಾಸಿಕೊಂಡಿರುವ ಸುಗ್ಗಿಯಲ್ಲಿ, ಅವಳು ಬಂದಿಳಿದಳು. ಮರುದಿನ ಬೆಳಿಗ್ಗೆ ನೋಡಿದರೆ ಕಣ್ಣು ಕೆಂಪು, ಮೂಗು ಕೆಂಪು, ಸೆರಗಿನ ತುದಿ ಒದ್ದೆ.

"ಯಾಕ ಅಳಾಕತ್ತೀದಿ?" ಎಂದು ಅವನು ಗಾಬರಿಯಾಗಿ ಕೇಳಿದ.

"ಅಳ್ತಾ ಇಲ್ಲ ರೀ, ಕಣ್ಣುರಿ ಅಷ್ಟೇ," ಎಂದಳು.

ಕಣ್ಣುರಿಯಂತೆ! ಯಾವ ಹೆಣ್ಣುಮಗಳು ಗಂಡನ ಮನೆಯಲ್ಲಿ ಅತ್ತು, ಅಳುತ್ತಿದ್ದೇನೆ ಎಂದು ಒಪ್ಪಿಕೊಂಡಿದ್ದಾಳೆ? ಮೆಣಸಿನಕಾಯಿಯ ನೆನಪು ಮನೆಯಲ್ಲಿ ಯಾರಿಗೂ ಬರಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ನಮ್ಮದು ಕೂಸಿಗೂ ತಿನ್ನಿಸಬಹುದು ಎಂಬುದು ಊರವರ ಜಂಬ. ಆ ಧೂಳಿನಲ್ಲೇ ಹುಟ್ಟಿ, ಅದರಲ್ಲೇ ತೊಟ್ಟಿಲು ತೂಗಿಸಿಕೊಂಡವರಿಗೆ ಅದು ಗಾಳಿಯಿದ್ದ ಹಾಗೆ. ಗಾಳಿ ಕಣ್ಣುರಿಸುತ್ತದೆಂದು ಯಾರಾದರೂ ಅಂದುಕೊಳ್ಳುತ್ತಾರೆಯೇ?

ತಿಂಗಳು ಕಳೆಯಿತು, ಆರು ಕಳೆಯಿತು. ಅನ್ನ ಬಡಿಸುವಾಗ ಕಣ್ಣೀರು, ಕಸ ಗುಡಿಸುವಾಗ ಕಣ್ಣೀರು, ಅವನು ಪಕ್ಕದಲ್ಲಿ ಕೂತು ನಗಿಸುವ ಮಾತಾಡಿದರೂ ಕಣ್ಣೀರು. ತಾಯಿಯ ಮನೆಯಿಂದ ನಂಜನಗೂಡಿನ ಹಲ್ಲುಪುಡಿಯ ಪೊಟ್ಟಣ ಬಂದ ದಿನವಂತೂ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮೂಗು ಒರೆಸಿಕೊಂಡಳು. ಕೇಳಿದರೆ ಅದೇ ಮಾತು, ಕಣ್ಣುರಿ. ರುದ್ರಮುನಿ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಮೀಸೆ ಸಣ್ಣದು ಮಾಡಿಸಿದ. ಏನೂ ಫಲವಾಗಲಿಲ್ಲ.

"ನಗೋ ಹೆಣ್ಣನ್ನ, ಅಳೋ ಗಂಡಸನ್ನ ನಂಬಬ್ಯಾಡ ಅಂತಾರ," ಎಂದಳು ಫಕ್ಕೀರವ್ವ ಒಂದು ದಿನ. "ಅಳೋ ಹೆಣ್ಣಿಗೆ ಏನ ಮಾಡಬೇಕು ಅಂತ ಯಾರೂ ಹೇಳಿಲ್ಲ ನೋಡು. ಆಕಿಗೆ ಮನಸಿಲ್ಲಪಾ. ಪರರ ಕೂಸಿನ ಕಣ್ಣೀರು ನಮ್ಮನಿಯಾಗ ಬೀಳೂದು ಒಳ್ಳೇದಲ್ಲ. ನಾಗರಪಂಚಮಿಗೆ ತವರಿಗೆ ಹೋಗ್ತಾಳಲ್ಲ, ಹಂಗ ಅಲ್ಲೇ ಇರಲಿ."

ಆಕೆ ಕೆಟ್ಟ ಅತ್ತೆಯೇನಲ್ಲ, ಸಂಕಟದಿಂದಲೇ ಆಡಿದ ಮಾತು. ರುದ್ರಮುನಿ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲೂ ಇಲ್ಲ. ಪಂಚಮಿಗೆ ವಾರವಿದೆ ಎನ್ನುವಾಗ ಸೊಸೆಯ ಸೀರೆಗಳನ್ನೆಲ್ಲ, ಮದುವೆಯ ಸೀರೆಯನ್ನೂ ಬಿಡದೆ, ಫಕ್ಕೀರವ್ವ ಟ್ರಂಕಿಗೆ ತುಂಬಿದಳು. ರುದ್ರಮುನಿ ಅಲ್ಲೇ ನಿಂತಿದ್ದ. ಸುಧಾರಾಣಿ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಕಣ್ಣಿಂದ ನೀರಿಳಿಯುತ್ತಿತ್ತು. ಅದೇನು ಹೊಸದೇ ಎಂದುಕೊಂಡು ಯಾರೂ ಏನೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಸಲಾವುದ್ದೀನ ಫೋನು ಮಾಡಿದ. "ಲಗೂನ ಬಾ. ನಿನ್ನ ಟೊಪ್ಪಿಗಿ ಹಾಕ್ಕೊಂಡು ರೋಮಿನ ದಂಡು ಅಳಾಕತ್ತೈತಿ."

ರುದ್ರಮುನಿ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಓಡಿದ. ಕಂಪ್ಯೂಟರಿನಲ್ಲಿ ಫೋಟೋ ಇತ್ತು. ಹಸಿರು ಗುಡ್ಡ, ಮೊಣಕಾಲೆತ್ತರದ ಕಲ್ಲುಗೋಡೆ, ಅದರ ಮುಂದೆ ಕೆಂಪು ಅಂಗಿಯ ಸಿಪಾಯಿಗಳು. ಒಬ್ಬ ಗುರಾಣಿ ಬಿಸಾಕಿ ಕುರಿಗಳ ನೀರಿನ ತೊಟ್ಟಿಯಲ್ಲಿ ಮುಖ ಅದ್ದಿದ್ದ. ಉಳಿದವರು ಕೈಯಲ್ಲಿ ಈಟಿ ಹಿಡಿದುಕೊಂಡೇ ಗೊಳೋ ಎನ್ನುತ್ತಿದ್ದರು. ಸಲಾವುದ್ದೀನ ಓದಿ ಹೇಳಿದ: ಶನಿವಾರ ಮುನ್ನೂರು ಜನರೆದುರು ದಂಡು ಸಾಲುಗಟ್ಟಿತಂತೆ. ಜಿನುಗು ಮಳೆ ಬಂದು ಟೊಪ್ಪಿಗೆಯ ಒಳಗಿನ ಮೆತ್ತೆಗಳೆಲ್ಲ ತೊಯ್ದವಂತೆ. ಹತ್ತು ನಿಮಿಷದಲ್ಲಿ ಇಪ್ಪತ್ತೂ ಜನರ ಹಣೆ ಉರಿದು, ಕಣ್ಣು ಮೂಗು ಸುರಿಯತೊಡಗಿದವಂತೆ. ಮೈಕ್ ಹಿಡಿದವನು ಮರ್ಯಾದೆ ಉಳಿಸಲು, "ಈ ಗಡಿ ಕಾದವರಲ್ಲಿ ದೂರದ ಬಿಸಿಲ ನಾಡಿನವರೂ ಇದ್ದರು, ಊರು ನೆನೆದು ಅಳುತ್ತಿದ್ದಾರೆ," ಎಂದುಬಿಟ್ಟನಂತೆ. ಜನ ಚಪ್ಪಾಳೆ ತಟ್ಟಿದರಂತೆ.

"ಟೊಪ್ಪಿಗಿಗೆ ಏನ ಹಚ್ಚೀರಿ, ಯಾವ ಎಣ್ಣಿ, ಯಾವ ಆಸಿಡ್ ಅಂತ ಮಾಸ್ತರ ಕೇಳ್ಯಾನ," ಎಂದ ಸಲಾವುದ್ದೀನ.

"ಹುಣಸಿಹಣ್ಣು ಹಚ್ಚಿ ತಿಕ್ಕೇನಿ. ಹುಣಸಿಹಣ್ಣಿಗೆ ಯಾರರ ಅಳ್ತಾರೇನು?"

ರುದ್ರಮುನಿಗೆ ತಲೆ ಗಿರ್ರೆಂದಿತು. ಇಲ್ಲಿ ನೋಡಿದರೆ ಕಟ್ಟಿಕೊಂಡವಳು ಅಳುತ್ತಾಳೆ, ಅಲ್ಲಿ ನೋಡಿದರೆ ಹಾಕಿಕೊಂಡವರು ಅಳುತ್ತಾರೆ. ತನ್ನ ಕೈಯೇ ಕೆಟ್ಟದ್ದೋ, ಗ್ರಹಚಾರವೋ ಎಂದು ಬಸ್ಸಿನುದ್ದಕ್ಕೂ ಕೈ ನೋಡಿಕೊಳ್ಳುತ್ತ ಮನೆಗೆ ಬಂದ.

ಗೂಟದಿಂದ ಮಾದರಿಯ ಟೊಪ್ಪಿಗೆ ಇಳಿಸಿದ. ಚೆಂಬು ನೀರು ಒಳಗೆ ಚಿಮುಕಿಸಿ ತಲೆಗೆ ಹಾಕಿಕೊಂಡು ಅಂಗಳದಲ್ಲಿ ಕೂತ. ಅರ್ಧ ಗಂಟೆಯಾದರೂ ಸೆಕೆ ಬಿಟ್ಟರೆ ಏನೂ ಇಲ್ಲ. ಫಕ್ಕೀರವ್ವ ಹಾಕಿಕೊಂಡಳು, ಕತ್ತು ನೋಯುತ್ತದೆ ಎಂದಳು ಅಷ್ಟೆ. ಓಣಿಯಲ್ಲಿ ಹೋಗುತ್ತಿದ್ದ ಹಮಾಲ ಹೊಳಿಯಪ್ಪನನ್ನು ಕರೆದು ಹಾಕಿಸಿದರೆ, ಅವನು ಕಟ್ಟೆಗೆ ಒರಗಿ ಗೊರಕೆ ಹೊಡೆಯತೊಡಗಿದ. ಇವರು ಮೂವರೂ ಮೆಣಸಿನಕಾಯಿಯ ಮಕ್ಕಳೆಂದು ಆಗಲೂ ಯಾರಿಗೂ ಹೊಳೆಯಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಸುಧಾರಾಣಿ, "ನಾನು ಹಾಕ್ಕೊಂಡು ನೋಡ್ಲಾ?" ಎಂದಳು.

ಹೊಳಿಯಪ್ಪನ ತಲೆಯಿಂದ ತೆಗೆದು ಅವಳಿಗೆ ಹಾಕಿದರು. ಕೆನ್ನೆಯ ತಗಡು ಅವಳ ಗದ್ದ ದಾಟಿ ಇಳಿಯಿತು. ಒಂದು ಕ್ಷಣ ಅವಳಿಗೇ ನಗು ಬಂತು. ಆಮೇಲೆ ಒಂದು ಸೀನು. ಇನ್ನೊಂದು. ಒಂಬತ್ತು ಸೀನು ಸೀನಿ, ಹಣೆ ಹಿಡಿದುಕೊಂಡು ಟೊಪ್ಪಿಗೆ ಕಿತ್ತೆಸೆದಳು. ಕಣ್ಣೀರು ಧಾರಾಕಾರ.

"ಅಳಬ್ಯಾಡ, ಅಳಬ್ಯಾಡ," ಎಂದ ರುದ್ರಮುನಿ, ಅಭ್ಯಾಸಬಲದಿಂದ.

"ಅಳ್ತಾ ಇಲ್ಲ ರೀ! ಮೆಣಸಿನಕಾಯಿ! ಆ ಚೀಲದಲ್ಲಿ, ಈ ಹಾಸಿಗೇಲಿ, ನಿಮ್ಮ ಅಂಗೀಲಿ, ಎಲ್ಲಾ ಕಡೇನೂ ಮೆಣಸಿನಕಾಯಿ! ಬಂದ ದಿನದಿಂದ ಕಣ್ಣುರಿ ಕಣ್ಣುರಿ ಅಂತ ಬಡ್ಕೋತಾ ಇದ್ದೀನಲ್ಲ!"

ರುದ್ರಮುನಿ ಮೆತ್ತೆಯನ್ನು ಮೂಗಿಗೆ ಹಿಡಿದ. ಅವನಿಗೆ ಗೋಣಿಯ ವಾಸನೆ ಬಿಟ್ಟರೆ ಏನೂ ಬರಲಿಲ್ಲ. ಆದರೆ ಬುದ್ಧಿ ನಿಧಾನವಾದರೂ ಬಂತು. ಫಕ್ಕೀರವ್ವ ಬಾಯಿ ಮೇಲೆ ಕೈಯಿಟ್ಟಳು. "ಅಯ್ಯ ಶಿವನ! ನಮ್ಮ ಹುಡುಗಿ ಅಳಾಕತ್ತಿಲ್ಲಂತ!" ಎಂದು ಓಣಿಗೇ ಕೇಳುವಂತೆ ಕೂಗಿ, ಟ್ರಂಕಿನಿಂದ ಒಂದೊಂದೇ ಸೀರೆ ತೆಗೆದು ಗೂಟಕ್ಕೆ ಹಾಕತೊಡಗಿದಳು. ಅವತ್ತೇ ಗೋಣಿಚೀಲಗಳೆಲ್ಲ ಮನೆಯಿಂದಾಚೆ ಹೋದವು. ಮೆತ್ತೆ ಕಿತ್ತು ಕಂಬಳಿ ಹೊಲಿಸಿಕೊಳ್ಳಿ, ತಪ್ಪು ನಮ್ಮದು ಎಂದು ಇಂಗ್ಲೆಂಡಿಗೆ ಇಮೇಲ್ ಹೋಯಿತು. ಹತ್ತೊಂಬತ್ತನ್ನು ಬದಲಿಸುತ್ತೇವೆ, ಒಂದು ಹಾಗೆಯೇ ಇರಲಿ, ಅಳುವ ಸಿಪಾಯಿ ಎಲ್ಲಿ ಎಂದು ಮಕ್ಕಳು ಕೇಳುತ್ತಿದ್ದಾರೆ ಎಂದು ಮಾಸ್ತರ ಬರೆದ. ಅಳುವುದನ್ನು ನೋಡಲು ಜನ ಯಾಕೆ ಬರುತ್ತಾರೆಂದು ರುದ್ರಮುನಿಗೆ ಅದೂ ಅರ್ಥವಾಗಲಿಲ್ಲ, ಹೋಗಲಿ ಬಿಡಿ.

ಆ ಸಂಜೆ ಅವನು ಹಗುರಾಗಿದ್ದ. ಹೆಂಡತಿಯ ಪಕ್ಕ ಕಟ್ಟೆಯ ಮೇಲೆ ಕೂತು, "ಹಂಗಾರ ಆರು ತಿಂಗಳದಾಗ ನೀ ಒಂದಿನಾನೂ ಅತ್ತಿಲ್ಲನು?" ಎಂದು ಕೇಳಿದ.

"ಎರಡು ಸಲ ಅತ್ತಿದ್ದೀನಿ," ಎಂದಳು ಸುಧಾರಾಣಿ.

"ಯಾವಾಗ?"

"ಅಮ್ಮ ಹಲ್ಲುಪುಡಿ ಕಳಿಸಿದ ದಿನ."

"ಇನ್ನೊಮ್ಮೆ?"

"ನಿನ್ನೆ. ಅತ್ತೆ ಟ್ರಂಕು ತುಂಬಿದಾಗ. ನೀವು ಅಲ್ಲೇ ನಿಂತಿದ್ರಿ." ಅವಳು ಅವನ ಕಡೆ ನೋಡದೆ ಹೇಳಿದಳು. "ಕಣ್ಣುರಿ ಅಂದಾಗ ಅಳು ಅಂದ್ಕೊಂಡ್ರಿ. ನಿಜವಾಗಿ ಅತ್ತಾಗ ಏನಂತ ಹೇಳೋದು? ಹೇಳಲೇ ಇಲ್ಲ."

ನಿನ್ನೆಯ ಕಣ್ಣೀರನ್ನು ರುದ್ರಮುನಿ ಕಣ್ಣಾರೆ ನೋಡಿದ್ದ. ಅದು ಬೇರೆ ಎಂದು ಅವನಿಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಲು ಒಂದು ಮಾತು ಕೇಳಿದ್ದರೂ ಸಾಕಾಗಿತ್ತು ಎಂಬ ನಾಚಿಕೆ ಅವನನ್ನು ಹಿಡಿದು ಅಲುಗಾಡಿಸಿತು.

ಪಂಚಮಿಗೆ ಮೂರು ದಿನವಿರುವಾಗ ಅವಳನ್ನು ರೈಲು ಹತ್ತಿಸಲು ಹೋದ. ಟ್ರಂಕು ಮನೆಯಲ್ಲೇ ಉಳಿದಿತ್ತು. ಅವಳ ಕೈಯಲ್ಲಿ ಎರಡೇ ಸೀರೆಯ ಸಣ್ಣ ಚೀಲ. ರಾತ್ರಿ ಮಳೆ ಬಿದ್ದು ಪ್ಲಾಟ್‌ಫಾರ್ಮು ತೊಳೆದ ಹಾಗಿತ್ತು, ಒಂದು ಮೆಣಸಿನಕಾಯಿ ಚೀಲವೂ ಇರಲಿಲ್ಲ. ಕಿಟಕಿಯಲ್ಲಿ ಕೂತ ಸುಧಾರಾಣಿಯ ಕಣ್ಣು ತುಂಬಿತ್ತು.

"ಈಗ ಯಾವುದು?" ಎಂದು ಅವನು ಮೆಲ್ಲಗೆ ಕೇಳಿದ.

"ಕೇಳಿದ್ರಲ್ಲ, ಸಾಕು," ಎಂದಳು. "ಗುರುವಾರ ಬರ್ತೀನಿ." ರೈಲು ಹೊರಟಿತು.

ಸ್ಟೇಷನ್ನಿಗೆ ಲೋಡು ಹುಡುಕಿಕೊಂಡು ಬಂದಿದ್ದ ಹಮಾಲ ಹೊಳಿಯಪ್ಪ ರುದ್ರಮುನಿಯ ಮುಖ ಬಗ್ಗಿ ನೋಡಿದ. "ಯಾಕೋ, ಕಣ್ಣು ಕೆಂಪಾಗ್ಯಾವಲ್ಲ?"

"ಮೆಣಸಿನಕಾಯಿ ಘಾಟು," ಎಂದ ರುದ್ರಮುನಿ.

ಹೊಳಿಯಪ್ಪ ಖಾಲಿ ಪ್ಲಾಟ್‌ಫಾರ್ಮಿನ ಆ ತುದಿ ಈ ತುದಿ ನೋಡಿದ. "ಬ್ಯಾಡಗ್ಯಾಗ ಹುಟ್ಟಿದಾವಗ?"

ರುದ್ರಮುನಿ ಮೈಸೂರು ಕಡೆಯಿಂದ ಗುರುವಾರ ಬರುವ ರೈಲು ಎಷ್ಟು ಗಂಟೆಗೆ ಎಂದು ಕೇಳಿಕೊಂಡು ಬರಲು ಸ್ಟೇಷನ್ ಮಾಸ್ತರರ ಕೋಣೆಯ ಕಡೆ ನಡೆದ.