ತೋಳದ ಕ್ಷಮಾವಣಿ

ನನ್ನ ತಮ್ಮ ಹರ್ಷದನಿಗೆ ಒಂದು ಹಳೆಯ ಕಂಪ್ಯೂಟರ್ ಆಟದ ಹುಚ್ಚು. ನನಗೆ ಅದರ ತಲೆನೋವು. ಅದರಲ್ಲಿ ಇವನು ಮೊಲ, ಎದುರಿಗೆ ತೋಳ. ತೋಳ ಒಂದೇಟು ಹಾಕಿದರೆ ಮೊಲದ ಕಥೆ ಮುಗಿಯಿತು.

ಕ್ಷಮಾವಣಿ ಎಂದರೆ ಜೈನರಾದ ನಾವು ಸಕಲ ಜೀವಿಗಳ ಕ್ಷಮೆ ಕೇಳುವ ದಿನ. ಅವತ್ತೇ ಅಜ್ಜಿ ಮಾಣಿಕಬಾಯಿ ಈ ಹೊಡೆದಾಟ ನೋಡಿಬಿಟ್ಟಳು.

"ಇವತ್ತೊಂದಿನ ಹೊಡಿಬ್ಯಾಡೋ. ಆ ತೋಳಕ್ಕ ಕೈ ಮುಗದು ಕ್ಷಮಾ ಕೇಳು."

ಆ ಪೆದ್ದ ಕೀಬೋರ್ಡ್ ಬಿಟ್ಟು ನಿಜವಾಗಿಯೂ ಕೈ ಮುಗಿದ! ತೋಳ ಜಾಡಿಸಿ ಒದೆಯಿತು. ಮೊಲ ಸತ್ತಿತು.

ಅಜ್ಜಿಯ ಮುಖ ಕೆಂಪಾಯಿತು. "ಕ್ಷಮಾ ಕೇಳಿದವರಿಗೇ ಒದಿತೈತೇನು ಇದು? ಸರಿ ಅತ್ಲಾಗ!" ಎಂದು ಹರ್ಷದನನ್ನು ಎಬ್ಬಿಸಿ ತಾನೇ ಕುಳಿತಳು. "ಒದಿಯೂ ಬಟನ್ ಯಾವುದು?"

"ಅಜ್ಜೀ, ಇವತ್ತು ಕ್ಷಮಾವಣಿ!" ಎಂದೆ.

"ಕೇಳ್ತೀನಿ ತಡಿ. ಮೊದಲ ಇದು ನೆಲಕ್ಕ ಬೀಳ್ಲಿ."